ಸುತ್ತ ನಿಂತು ನಗುವ ಮಕ್ಕಳ ಜೊತೆ ಮಾಡುವ ಕೆಲಸ

ತೀರ್ಥಹಳ್ಳಿ, ಹೊಸನಗರ ಕಡೆಯ ಹೈಸ್ಕೂಲು ಮಕ್ಕಳ ಜೊತೆ ಕೆಲಸ ಮಾಡುವಾಗ ನನ್ನ ಕಣ್ಣು ಕಾಟ ಕೊಡುವವನಿಗಿಂತ ಸುತ್ತ ನಿಂತವರ ಮೇಲೇ ಇರುತ್ತದೆ. ಮಳೆಗಾಲದ ಸಂಜೆ ಬಸ್‌ಸ್ಟಾಪಿನಲ್ಲಿ ಒಬ್ಬನ ಕೊಡೆ ಕಿತ್ತು ಕೈಯಿಂದ ಕೈಗೆ ಎಸೆದಾಡುತ್ತಾರೆ. ಎಸೆಯುವವರು ಇಬ್ಬರೋ ಮೂವರೋ, ನಗುವವರು ಹತ್ತು ಜನ. ಆ ಹತ್ತರಲ್ಲಿ ಹಲವರು ನಗುವ ಮುಂಚೆ ಪಕ್ಕದವನ ಮುಖ ನೋಡಿರುತ್ತಾರೆ. ‘ಎಲ್ಲರಿಗೂ ಇದು ತಮಾಷೆ, ಕಸಿವಿಸಿ ನನಗೊಬ್ಬನಿಗೇ’ ಅಂತ ಒಬ್ಬೊಬ್ಬನೂ ಅಂದುಕೊಳ್ಳುತ್ತಾನೆ. ಒಡೆಯಬೇಕಾದ್ದು ಈ ತಪ್ಪು ಲೆಕ್ಕವನ್ನು.

ಅದಕ್ಕೆ ಹೆಸರಿಲ್ಲದ ಚೀಟಿ ಸಾಕು. ಎರಡೇ ಪ್ರಶ್ನೆ: ಇದು ನಿನಗೆ ಸರಿ ಅನ್ನಿಸುತ್ತಾ? ಕ್ಲಾಸಿನಲ್ಲಿ ಎಷ್ಟು ಜನಕ್ಕೆ ಸರಿ ಅನ್ನಿಸುತ್ತೆ ಅಂತ ನಿನ್ನ ಅಂದಾಜು? ಮೊದಲನೆಯದಕ್ಕೆ ಬರೀ ಟಿಕ್, ಎರಡನೆಯದಕ್ಕೆ ಒಂದು ಅಂಕಿ. ಅಕ್ಷರ ಬರೆಸಿದರೆ ಯಾರದ್ದೆಂದು ಗೊತ್ತಾಗಿಬಿಡುತ್ತದೆ. ಎರಡೂ ಲೆಕ್ಕವನ್ನು ಬೋರ್ಡಿನ ಮೇಲೆ ಅಕ್ಕಪಕ್ಕ ಬರೆಯಬೇಕು. ಆದರೆ ಮೊದಲು ಸ್ಟಾಫ್‌ರೂಮಿನಲ್ಲಿ ಕೂತು ಎಣಿಸಿ. ಹೆಚ್ಚಿನವರು ನಿಜಕ್ಕೂ ‘ಸರಿ’ ಅಂದಿದ್ದರೆ ಆ ಅಂಕಿ ತೋರಿಸಲೇಬಾರದು, ಕಾಟಕ್ಕೆ ಬಲ ಬರುತ್ತದೆ.

ಆಮೇಲೆ ಕಾಟ ತಡೆಯಲು ಮುಂದಾಗುವ ಒಂದಿಷ್ಟು ಮಕ್ಕಳನ್ನು ಆರಿಸುವುದು. ಎಡವಟ್ಟಾಗುವುದು ಹೆಚ್ಚಾಗಿ ಇಲ್ಲೇ. ಮೇಷ್ಟ್ರು ಕ್ಲಾಸ್ ಲೀಡರನ್ನೋ ಫಸ್ಟ್ ರ‍್ಯಾಂಕ್ ಹುಡುಗಿಯನ್ನೋ ಮುಂದೆ ತಳ್ಳುತ್ತಾರೆ, ವಾರದೊಳಗೆ ಅವರಿಗೆ ಚಾಡಿಕೋರರೆಂಬ ಹೆಸರು. ಬದಲಿಗೆ ‘ಬಸ್ಸಲ್ಲಿ ಯಾರ ಪಕ್ಕ ಕೂರ್ತೀಯ, ಊಟಕ್ಕೆ ಯಾರ ಜೊತೆ?’ ಅಂತ ಕೇಳಿ. ಬೇರೆ ಬೇರೆ ಗುಂಪಿನವರು ಬರೆದ ಹೆಸರುಗಳು ಬೇಕಾದವು. ಹಿಂದಿನ ಬೆಂಚಿನ ಕಬಡ್ಡಿ ಹುಡುಗನೇ ಸಿಕ್ಕರೂ ಅವನನ್ನೇ ಇಟ್ಟುಕೊಳ್ಳಿ. ಅಮೆರಿಕದ ನ್ಯೂಜೆರ್ಸಿಯ 56 ಶಾಲೆಗಳಲ್ಲಿ ಹೀಗೆ ವಿದ್ಯಾರ್ಥಿಗಳ ಮೂಲಕವೇ ಮಾಡಿದ ಪ್ರಯೋಗ 2016ರಲ್ಲಿ ಪ್ರಕಟವಾಯಿತು. ಜಗಳ-ಕಾಟದ ಶಿಸ್ತು ದೂರುಗಳು ಸುಮಾರು ಶೇ. 30 ಇಳಿದಿದ್ದವು. ಎಲ್ಲರ ಗಮನ ಸೆಳೆಯುವಂಥ ಮಕ್ಕಳು ತಂಡದಲ್ಲಿ ಹೆಚ್ಚಿದ್ದ ಕಡೆ ಪರಿಣಾಮವೂ ಹೆಚ್ಚು.

ಹೀಗೆ ಆರಿಸಿದ ಮಕ್ಕಳಿಗೆ, ಕಾಟ ಕೊಡುವವನ ಎದುರು ನಿಂತು ಬಯ್ಯುವುದನ್ನು ಕಲಿಸುವುದಿಲ್ಲ. ಅದು ಹೊಡೆದಾಟಕ್ಕೆ ತಿರುಗುತ್ತದೆ. ನಗಬೇಡಿ, ಇಬ್ಬರಾಗಿ ಹೋಗಿ ‘ಬಾರೋ, ಬಸ್ ಬಂತು’ ಅಂತ ಅವನನ್ನು ಎಳೆದುಕೊಂಡು ಬನ್ನಿ, ಅಷ್ಟೇ. ಈ ಮಾತನ್ನು ಬಾಯಿಬಿಟ್ಟು ಅಭ್ಯಾಸ ಮಾಡಿಸಬೇಕು, ಇಲ್ಲದಿದ್ದರೆ ಆ ಹೊತ್ತಿಗೆ ನಾಲಿಗೆ ಏಳುವುದಿಲ್ಲ. ವಾಟ್ಸಾಪ್ ಗ್ರೂಪಿನಲ್ಲಾದರೆ ನಗುವ ಇಮೋಜಿ ಹಾಕದೆ, ನೊಂದವಳಿಗೆ ಬೇರೆಯಾಗಿ ಒಂದು ಮೆಸೇಜ್. ಹೊಡೆತ, ಬೆದರಿಕೆಯವರೆಗೆ ಹೋದರೆ ಮಕ್ಕಳು ನಡುವೆ ಬರಲೇಬಾರದು. ದೊಡ್ಡವರಿಗೆ ಹೇಳಬೇಕು, ಇಲ್ಲವೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬೇಕು.

ಪ್ರಾರ್ಥನೆ ಹೊತ್ತಲ್ಲಿ ಹೆಸರು ಹಿಡಿದು ಕರೆಯುವುದು, ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಕೈಕುಲುಕಿಸುವುದು ಬೇಡವೇ ಬೇಡ. ಕಾಟ ತಿಂದವನು ಅದೇ ಸಂಜೆ ಅದೇ ಬಸ್ಸಿಗೆ ಹತ್ತಬೇಕು.