ಗಾಜಿನ ಮೇಲೊಂದು ಗಾಯ

ರಕ್ತನಾಳದ ಒಳಪದರ ಕಿತ್ತುಹೋದರೆ ರಕ್ತ ಏನು ಮಾಡುತ್ತದೆ? ಇದನ್ನು ನೋಡಲು ನಾನು ಲ್ಯಾಬಿನಲ್ಲಿ ಒಂದು ಗಾಜಿನ ತುಂಡಿಗೆ ಅರ್ಧ ಕೊಲಾಜೆನ್, ಅರ್ಧ ಆಲ್ಬುಮಿನ್ ಹಚ್ಚುತ್ತೇನೆ. ಕೊಲಾಜೆನ್ ನಾಳದ ಗೋಡೆಯ ನಾರು. ಒಳಪದರ ಸರಿಯಿರುವ ತನಕ ಅದು ರಕ್ತಕ್ಕೆ ತಾಗುವುದೇ ಇಲ್ಲ. ಆಲ್ಬುಮಿನ್ ರಕ್ತದಲ್ಲೇ ಇರುವ ಪ್ರೋಟೀನ್, ಹೋಲಿಕೆಗೆ.

ಗಾಜಿನ ಮೇಲೆ ಸಣ್ಣ ಕಾಲುವೆ ಕೂರಿಸಿ, ಪ್ಲೇಟ್‌ಲೆಟ್‌ಗಳಿಗೆ (ಗಾಯ ಮುಚ್ಚುವ ಪುಟ್ಟ ರಕ್ತಕಣಗಳಿಗೆ) ಹೊಳೆಯುವ ಬಣ್ಣ ಹಾಕಿದ ರಕ್ತವನ್ನು ಪಂಪಿನಿಂದ ಹರಿಸುತ್ತೇನೆ. ಹೆಪ್ಪುಗಟ್ಟದಿರಲು ಅದಕ್ಕೆ ಹಿರುಡಿನ್. ಅದು ಫೈಬ್ರಿನ್ ಎಂಬ ಹೆಪ್ಪಿನ ನಾರು ಮಾಡುವ ಥ್ರಾಂಬಿನ್ ಅನ್ನು ಮಾತ್ರ ತಡೆಯುತ್ತದೆ, ಹೆಪ್ಪುಗಟ್ಟದಿರಲು ಬಳಸುವ ಸಿಟ್ರೇಟ್‌ನಂತೆ ಪ್ಲೇಟ್‌ಲೆಟ್‌ಗಳಿಗೂ ಬೇಕಾದ ಕ್ಯಾಲ್ಸಿಯಂ ಕಸಿದುಕೊಳ್ಳುವುದಿಲ್ಲ.

ಮೈಕ್ರೋಸ್ಕೋಪಿನಲ್ಲಿ ಆಲ್ಬುಮಿನ್ ಕಡೆ ಕತ್ತಲೆ. ಕೊಲಾಜೆನ್ ಕಡೆ ಹೊಳೆಯುವ ಚುಕ್ಕಿಯೊಂದು ಉರುಳುತ್ತಾ ಬಂದು, ತಡವರಿಸಿ, ನಿಲ್ಲುತ್ತದೆ. ಪಕ್ಕದಲ್ಲೇ ಇನ್ನೊಂದು. ನೋಡನೋಡುತ್ತಾ ನಾರಿನುದ್ದಕ್ಕೂ ತಂತಿ ಮೇಲೆ ಕೂತ ಗುಬ್ಬಿಗಳ ಸಾಲು! ಆಮೇಲೆ ಒಂದರ ಮೇಲೊಂದು ಬಿದ್ದು ಗುಡ್ಡೆ.

ಕೊಲಾಜೆನ್ ಒಂದೇ ಸಾಕು ಅಂತ ಮೊದಲು ನಂಬಿದ್ದೆ. ಸಾಲುವುದಿಲ್ಲ. ಅಪಧಮನಿಯಲ್ಲಿರುವಷ್ಟು ಜೋರು ಹರಿವಿನಲ್ಲಿ ಪ್ಲೇಟ್‌ಲೆಟ್ ಹಿಡಿಯಲು ಕೊಲಾಜೆನ್‌ಗೆ ಪುರುಸೊತ್ತೇ ಸಿಗುವುದಿಲ್ಲ. ಅಲ್ಲಿ ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಬೇಕು. ಬಹುಪಾಲು ನಾಳದ ಒಳಪದರವೇ ತಯಾರಿಸುವ ಈ ಪ್ರೋಟೀನ್ ಕೊಲಾಜೆನ್‌ಗೆ ಅಂಟಿ, ಹರಿವಿನ ಎಳೆತಕ್ಕೆ ದಾರದಂತೆ ಬಿಚ್ಚಿಕೊಂಡು, ಹಾದುಹೋಗುವ ಪ್ಲೇಟ್‌ಲೆಟ್‌ಗಳನ್ನು ತಡೆದು ನಿಧಾನಮಾಡುತ್ತದೆ. ಅದನ್ನು ಆ್ಯಂಟಿಬಾಡಿ ಹಾಕಿ ತಡೆದಾಗ ಜೋರು ಹರಿವಿನಲ್ಲಿ ಗಾಜು ಹೆಚ್ಚುಕಮ್ಮಿ ಖಾಲಿ; ನಿಧಾನದ ಹರಿವಿನಲ್ಲಿ ಅಷ್ಟೇನೂ ವ್ಯತ್ಯಾಸವಿಲ್ಲ. ಫಿನ್ಲೆಂಡಿನ ವೈದ್ಯ ಎರಿಕ್ ವಾನ್ ವಿಲ್ಲೆಬ್ರಾಂಡ್ 1926ರಲ್ಲಿ ಬರೆದ ರಕ್ತಸ್ರಾವದ ಕಾಯಿಲೆ ಇದೇ ಪ್ರೋಟೀನಿನ ಕೊರತೆಯದು.

ಗೋಡೆಯಲ್ಲಿ ಟಿಶ್ಯೂ ಫ್ಯಾಕ್ಟರ್ ಅಂತ ಮತ್ತೊಂದು ಪ್ರೋಟೀನ್ ಇದೆ. ಫೈಬ್ರಿನ್ ಬಲೆ ನೇಯಿಸುವ ಸರಪಳಿ ಶುರುವಾಗುವುದು ಅದರಿಂದ. ಹಿರುಡಿನ್ ಇರುವಾಗ ಆ ಬಲೆ ಕಾಣುವುದಿಲ್ಲ, ಅದಕ್ಕೆ ಬೇರೆ ಪ್ರಯೋಗವೇ ಬೇಕು.

ಒಂದು ದಿನ ವಿಚಿತ್ರವಾಯಿತು. ಗುಬ್ಬಿಸಾಲು ಸರಿಯಾಗೇ ಕೂತಿತು, ಆದರೆ ಗುಡ್ಡೆ ಏಳಲೇ ಇಲ್ಲ. ಕೊಲಾಜೆನ್ ಕೆಟ್ಟಿದೆಯೆಂದು ಹೊಸದು ಹಚ್ಚಿದೆ, ಪಂಪ್ ಬಿಚ್ಚಿ ನೋಡಿದೆ. ಎಲ್ಲ ಸರಿಯೇ. ಕೊನೆಗೆ ರಕ್ತ ಕೊಟ್ಟವರನ್ನೇ ಕೇಳಿದೆ. ಮೂರು ದಿನದ ಹಿಂದೆ ತಲೆನೋವಿಗೆ ಆಸ್ಪಿರಿನ್ ನುಂಗಿದ್ದರಂತೆ! ಮೊದಲ ಸಾಲನ್ನು ಹಿಡಿಯುವುದು ಗೋಡೆಯ ಕೆಲಸ, ಅದಕ್ಕೆ ಆಸ್ಪಿರಿನ್ ಅಡ್ಡಬರುವುದಿಲ್ಲ. ಆದರೆ ಅಂಟಿದ ಪ್ಲೇಟ್‌ಲೆಟ್‌ಗಳು ಉಳಿದವನ್ನು ಕರೆಯಲು ಬಿಡುವ ಥ್ರಾಂಬಾಕ್ಸೇನ್ ನಿಂತುಹೋಗುತ್ತದೆ. ಒಂದು ಸಲ ಹಾಗಾದ ಪ್ಲೇಟ್‌ಲೆಟ್ ಸಾಯುವ ತನಕ, ಅಂದರೆ 7–10 ದಿನ, ಹಾಗೇ.

ಈಗ "ಔಷಧಿ ಏನಾದ್ರೂ ತಗೊಂಡಿದ್ದೀರಾ?" ಅಂತ ಕೇಳುವುದಿಲ್ಲ. ತಲೆನೋವಿನ ಮಾತ್ರೆಯನ್ನು ಯಾರೂ ಔಷಧಿ ಅಂದುಕೊಳ್ಳುವುದಿಲ್ಲ, ಅಲ್ವಾ? "ಹತ್ತು ದಿನದಲ್ಲಿ ತಲೆನೋವು, ಮೈಕೈ ನೋವು, ಜ್ವರ ಏನಾದ್ರೂ ಬಂದಿತ್ತಾ?" ಅಂತ ಕೇಳುತ್ತೇನೆ.