ಏರ್‌ಬ್ಯಾಗ್ ದೀಪ ಆರುತ್ತಿಲ್ಲವೇ? ಮೊದಲು ಸೀಟಿನ ಕೆಳಗೆ ನೋಡಿ

ಕೀ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಕೆಲವು ಸೆಕೆಂಡು ಉರಿದು ಆರಬೇಕು. ಆರದಿದ್ದರೆ ಎಲ್ಲೋ ದೋಷವಿದೆ, ಅಪಘಾತವಾದಾಗ ಬ್ಯಾಗ್ ಬಿಚ್ಚಿಕೊಳ್ಳದೇ ಇರಬಹುದು. ದೀಪ ಹೊತ್ತಿಕೊಳ್ಳುವುದೇ ಇಲ್ಲ ಅಂದರೂ ಅನುಮಾನ ಪಡಿ. ಸೆಕೆಂಡ್ ಹ್ಯಾಂಡ್ ಕಾರಾದರೆ ಯಾರೋ ಬಲ್ಬನ್ನೇ ಕಿತ್ತಿರಬಹುದು.

ಸುಮ್ನೆ ಡಿಕ್ಕಿಯನ್ನು ಗುರುತಿಸುವ ಸೆನ್ಸರನ್ನು ಹೊಸದಾಗಿ ಕೊಳ್ಳಲು ಹೋಗಬೇಡಿ. ಮೊದಲು ಸ್ಕ್ಯಾನರ್ ಹಚ್ಚಿಸಿ, ಕಾರಿನ ಕಂಪ್ಯೂಟರ್ ದಾಖಲಿಸಿಟ್ಟ ದೋಷದ ಕೋಡ್ ಓದಿಸಿ. ಹೆಚ್ಚಿನ ಅಗ್ಗದ ಸ್ಕ್ಯಾನರ್‌ಗಳು ಎಂಜಿನ್ ಕೋಡ್ ಮಾತ್ರ ಓದುತ್ತವೆ. ಏರ್‌ಬ್ಯಾಗ್ ಕೋಡ್‌ಗಳು ಸಾಮಾನ್ಯವಾಗಿ 'ಬಿ' ಅಕ್ಷರದಿಂದ ಶುರುವಾಗುತ್ತವೆ. ಅವನ್ನು ಓದಬಲ್ಲ ಸ್ಕ್ಯಾನರ್ ಇರುವ ಗ್ಯಾರೇಜಿಗೇ ಹೋಗಿ. ಕೋಡಿನ ವಿವರಣೆಯಲ್ಲಿ 'ಸೈಡ್ ಏರ್‌ಬ್ಯಾಗ್ ರೆಸಿಸ್ಟೆನ್ಸ್' (ಸೀಟಿನ ಪಕ್ಕದಲ್ಲಿರುವ ಬ್ಯಾಗಿನ ಸರ್ಕ್ಯೂಟಿನ ವಿದ್ಯುತ್ ರೋಧ) ಎಂದಿದ್ದರೆ ಗಮನ ಸೀಟಿನ ಕಡೆಗಿರಲಿ. 'ಸೈಡ್ ಇಂಪ್ಯಾಕ್ಟ್ ಸೆನ್ಸರ್' ಎಂದಿದ್ದರೆ ಎರಡು ಬಾಗಿಲುಗಳ ನಡುವಿನ ಕಂಬದ ಬುಡ ನೋಡಬೇಕು. ಮೆಕ್ಯಾನಿಕ್‌ಗಳು ಅದನ್ನು ಬಿ ಪಿಲ್ಲರ್ ಅನ್ನುತ್ತಾರೆ. ಕೆಲವು ಕಾರುಗಳಲ್ಲಿ ಸೆನ್ಸರ್ ಬಾಗಿಲಿನೊಳಗೇ ಇರುತ್ತದೆ.

ಏನನ್ನೇ ಮುಟ್ಟುವ ಮೊದಲು ಕೀ ತೆಗೆಯಿರಿ, ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ, ಕಾಯಿರಿ. ಎಷ್ಟು ಹೊತ್ತು ಎನ್ನುವುದು ಕಾರಿನಿಂದ ಕಾರಿಗೆ ಬೇರೆ, ಮ್ಯಾನುವಲ್ ನೋಡಿ. ನಾನಂತೂ 10 ನಿಮಿಷಕ್ಕಿಂತ ಕಡಿಮೆ ಕಾಯುವುದಿಲ್ಲ. ಇನ್ನೊಂದು ಮಾತು: ಏರ್‌ಬ್ಯಾಗಿಗೆ ಹೋಗುವ ಹಳದಿ ಕನೆಕ್ಟರಿಗೆ ಮಲ್ಟಿಮೀಟರ್ ಹಚ್ಚಲೇಬೇಡಿ. ಮೀಟರಿನ ಸಣ್ಣ ಕರೆಂಟಿಗೂ ಬ್ಯಾಗ್ ಸಿಡಿಯಬಹುದು.

ಸೀಟಿನ ಕೆಳಗಿನ ಆ ಹಳದಿ ಕನೆಕ್ಟರೇ ಹಳೆ ಕಾರುಗಳಲ್ಲಿ ಜಾಸ್ತಿ ತೊಂದರೆ ಕೊಡುವ ಜಾಗ. ಸೀಟು ಹಿಂದೆ ಮುಂದೆ ಜಾರಿಸಿ ಜಾರಿಸಿ ಅದು ಸಡಿಲವಾಗುತ್ತದೆ. ಸೀಟ್ ಕವರ್ ಹಾಕುವವರು ಸೀಟು ಬಿಚ್ಚಿ, ಕನೆಕ್ಟರ್ ಸರಿಯಾಗಿ ಕೂರಿಸದೆ ಕೀ ತಿರುಗಿಸಿದರೂ ಸಾಕು, ಕೋಡ್ ದಾಖಲಾಗುತ್ತದೆ. ಆಮೇಲೆ ಜೋಡಿಸಿದರೂ ಎಷ್ಟೋ ಕಾರುಗಳಲ್ಲಿ ದೀಪ ತಾನಾಗಿ ಆರುವುದಿಲ್ಲ, ಸ್ಕ್ಯಾನರಿನಿಂದಲೇ ಅಳಿಸಬೇಕು. ಕನೆಕ್ಟರ್ ಬಿಚ್ಚಿ ಪಿನ್ ನೋಡಿ, 'ಟಕ್' ಎನ್ನುವಂತೆ ಮತ್ತೆ ಕೂರಿಸಿ. ಹಾಗೆಯೇ, ಬ್ಯಾಗ್ ಇರುವ ಸೀಟಿನ ಪಕ್ಕವನ್ನು ಮುಚ್ಚಿ ಹೊಲಿದ ಕವರ್ ಹಾಕಿಸಲೇಬೇಡಿ. ಬ್ಯಾಗ್ ಹೊರಬರಲು ದಾರಿ ಬೇಕು, ಅಲ್ವಾ?

ಕೋಡ್ ಸೆನ್ಸರ್ ಕಡೆ ಬೆರಳು ತೋರಿಸಿದರೆ ಕಂಬದ ಬುಡದ ಪ್ಲಾಸ್ಟಿಕ್ ತೆಗೆದು, ಕಾರ್ಪೆಟ್ ಎತ್ತಿ ನೋಡಿ. ಮಂಗಳೂರು ಕಡೆಯ ಮಳೆಯಲ್ಲಿ ಓಡಿದ ಕಾರಿನಲ್ಲಿ ಅಲ್ಲಿ ತೇವ ನಿಂತಿರಬಹುದು. ಪಿನ್ನಿನ ಮೇಲೆ ಹಸಿರು ಕಿಲುಬು ಕಂಡರೆ ಅದೇ ಕಾರಣವಿರಬಹುದು. ಬೋಲ್ಟ್ ಸಡಿಲವಿದೆಯೇ, ತಂತಿ ಎಲ್ಲಾದರೂ ಸವೆದಿದೆಯೇ ನೋಡಿ. ಇವೆಲ್ಲ ಸರಿಯಿದ್ದರೆ ಮಾತ್ರ ಸೆನ್ಸರ್ ಬದಲಿಸುವ ಮಾತು. ಪಾರ್ಟ್ ನಂಬರ್ ಒಂದೇ ಇರಲಿ, ಬಾಣದ ಗುರುತಿದ್ದರೆ ಹಳೆಯದು ಇದ್ದ ದಿಕ್ಕಿಗೇ ಕೂರಿಸಿ. ಗುಜರಿಯಿಂದ ತರಬೇಡಿ, ಅದು ಯಾವ ಅಪಘಾತ ಕಂಡ ಕಾರಿನದೋ ಗೊತ್ತಾಗುವುದಿಲ್ಲ.

'ಒಂದು ರೆಸಿಸ್ಟರ್ ಹಾಕಿ ದೀಪ ಆರಿಸ್ತೀನಿ' ಎಂದು ಯಾರಾದರೂ ಹೇಳಿದರೆ, ಅಂದರೆ ಬ್ಯಾಗಿನ ಜಾಗದಲ್ಲಿ ಸಣ್ಣ ಬಿಡಿಭಾಗವೊಂದನ್ನು ಜೋಡಿಸಿ ಕಂಪ್ಯೂಟರಿಗೆ ಮೋಸ ಮಾಡುತ್ತೇನೆ ಎಂದರೆ, ಗಾಡಿ ವಾಪಸ್ ತನ್ನಿ. ದೀಪ ಆರುತ್ತದೆ, ಬ್ಯಾಗ್ ಮಾತ್ರ ತೆರೆಯುವುದಿಲ್ಲ.

ಕೊನೆಗೆ ಬ್ಯಾಟರಿ ಜೋಡಿಸಿ. ಆಗ ಕಾರಿನೊಳಗೆ ಯಾರೂ ಇರಬಾರದು. ಕೋಡ್ ಅಳಿಸಿಸಿ, ಸೀಟನ್ನು ಹತ್ತು ಸಲ ಹಿಂದೆ ಮುಂದೆ ಜಾರಿಸಿ, ಹಂಪ್‌ಗಳಿರುವ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ದೀಪ ಮತ್ತೆ ಹೊತ್ತಿಕೊಂಡರೆ ತಂತಿಯನ್ನು ಉದ್ದಕ್ಕೂ ಪರೀಕ್ಷಿಸಬೇಕು. ಅದನ್ನು ಏರ್‌ಬ್ಯಾಗ್ ಕೆಲಸ ಗೊತ್ತಿರುವ ಎಲೆಕ್ಟ್ರಿಷಿಯನ್‌ಗೇ ಬಿಡಿ.