ಗೆರಟೆಯಲ್ಲಿ ಬೆಳೆದ ಬೂಷ್ಟು

ಕಾಸರಗೋಡಿನ ಪೆರ್ಲದ ಹತ್ತಿರದ ನಮ್ಮ ಅಡಿಕೆ ತೋಟದ ಕೆಳಗಿನ ಸಾಲುಗಳಲ್ಲಿ ಬೇರುಹುಳದ ಕಾಟ ಹಳೆಯದು. ಸೋಗೆ ಹಳದಿಯಾಗುತ್ತದೆ, ಕೈಯಲ್ಲಿ ದೂಡಿದರೆ ಮರವೇ ಅಲುಗುತ್ತದೆ. ಕ್ಲೋರೋಪೈರಿಫಾಸ್ ಎಂಬ ಕೀಟನಾಶಕ ಬೆರೆಸಿದ ನೀರನ್ನು ಬುಡಕ್ಕೆ ಹೊಯ್ಯುವುದು ನಮ್ಮಲ್ಲಿ ದೈವಕ್ಕೆ ಕೊಡುವ ವರ್ಷಾವಧಿ ತಂಬಿಲದಷ್ಟೇ ತಪ್ಪದ ಕೆಲಸವಾಗಿತ್ತು.

ಒಂದು ಮಳೆಗಾಲ ಮೆಟಾರೈಜಿಯಂ ತಂದು ಹಟ್ಟಿಗೊಬ್ಬರಕ್ಕೆ ಬೆರೆಸಿ ಹಾಕಿದೆ. ಹುಳದ ಮೈಮೇಲೆ ಮೊಳೆತು, ಚರ್ಮ ಕೊರೆದು ಒಳಹೊಕ್ಕು ಕೊಲ್ಲುವ ಶಿಲೀಂಧ್ರ ಅದು. ಆದರೆ ಅದರ ಮೇಲೆ ನಂಬಿಕೆ ಸಾಲದೆ ಅದೇ ವಾರ ಅದೇ ಬುಡಗಳಿಗೆ ವಿಷವನ್ನೂ ಹೊಯ್ದಿದ್ದೆ. ಎರಡು ತಿಂಗಳ ಬಳಿಕ ಬುಡ ಬಿಡಿಸಿದರೆ ಜೀವಂತ ಹುಳಗಳು ಸಿಕ್ಕವು, ಬೂಷ್ಟು ಹಿಡಿದದ್ದು ಒಂದೂ ಇಲ್ಲ.

"ಭಾವ, ಕೋಳಿ ಸಾಕಿ ಅದೇ ಗೂಡಿಗೆ ಕೀರಿಯನ್ನೂ ಬಿಟ್ಟಿರಲ್ಲ!" ಎಂದು ನೆರೆಮನೆಯವರು ನಕ್ಕರು.

ಆ ನಗು ನಾಟಿತು. ಮಣ್ಣಿನಲ್ಲಿ ಯಾವ ಶಿಲೀಂಧ್ರ ಉಳಿದಿದೆ ಎಂದು ನೋಡಲು ಆರು ತೆಂಗಿನ ಗೆರಟೆಗಳಲ್ಲಿ ಬೆಳ್ತಿಗೆ ಅನ್ನ ತುಂಬಿ, ಬಾಯಿಗೆ ತೆಳುಬಟ್ಟೆ ಕಟ್ಟಿ, ಮೂರನ್ನು ವಿಷ ಹೊಯ್ದ ಬುಡಗಳಲ್ಲಿ, ಮೂರನ್ನು ವಿಷ ಕಾಣದ ಮೇಲಿನ ಸಾಲಿನಲ್ಲಿ ಹುಗಿದೆ. ಐದನೆಯ ದಿನ ತೆಗೆದಾಗ ಮೇಲಿನವುಗಳಲ್ಲಿ ಹತ್ತಿಯಂಥ ಬಿಳಿ ಎಳೆಗಳು ಅನ್ನವನ್ನು ಹೊದ್ದುಕೊಂಡಿದ್ದವು, ಮೊದಲ ಮಳೆಯ ಮಣ್ಣಿನ ವಾಸನೆ ಬರುತ್ತಿತ್ತು. ಕೆಳಗಿನ ಒಂದರಲ್ಲಿ ಅನ್ನ ಹಳಸಿ ನೀರೊಡೆದಿತ್ತು. ಉಳಿದೆರಡರಲ್ಲಿ ಮಸಿಯಂಥ ಕಪ್ಪು ಬೂಷ್ಟು ದಟ್ಟವಾಗಿ ಬೆಳೆದಿತ್ತು. ಏನೂ ಬೆಳೆದಿರುವುದಿಲ್ಲ ಎಂದುಕೊಂಡಿದ್ದ ನನಗೆ ಇದು ಒಗಟಾಯಿತು.

ಓದಿ ಕೇಳಿ ತಿಳಿದದ್ದು ಇಷ್ಟು. ಕೀಟನಾಶಕ ಎಲ್ಲ ಶಿಲೀಂಧ್ರವನ್ನೂ ಕೊಲ್ಲುವುದಿಲ್ಲ. ಆಸ್ಪರ್ಜಿಲಸ್ ಜಾತಿಯ ಕೆಲವು ಅದನ್ನು ತಾಳಿಕೊಳ್ಳುತ್ತವೆ, ಒಡೆದು ತಿನ್ನುವವೂ ಉಂಟು. ನಾಜೂಕಿನವು ಬಿಟ್ಟುಕೊಟ್ಟ ಜಾಗದಲ್ಲಿ ಗಟ್ಟಿಗರು ಒಕ್ಕಲಾಗುತ್ತಾರೆ. ಕ್ಲೋರೋಪೈರಿಫಾಸ್ ಒಡೆದಾಗ ಹುಟ್ಟುವ ಟಿಸಿಪಿ ಎಂಬ ವಸ್ತುವೂ ಸೂಕ್ಷ್ಮಜೀವಿಗಳನ್ನು ಹತ್ತಿಕ್ಕುತ್ತದೆ. ಒಡೆದ ಮಾತ್ರಕ್ಕೆ ವಿಷ ತೊಲಗಿತೆಂದು ನಂಬುವ ಹಾಗಿಲ್ಲ. ನಮ್ಮ ಎಣ್ಮಕಜೆ ಪಂಚಾಯತಿನ ಗೇರು ಗುಡ್ಡಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಮಣ್ಣಿನ ಶಿಲೀಂಧ್ರಗಳ ಕೈಯಲ್ಲಿ ಎಂಡೋಸಲ್ಫಾನ್ ಸಲ್ಫೇಟ್ ಆಗುತ್ತದೆ, ಅದು ಇನ್ನೂ ದೀರ್ಘಾಯುಷಿ.

ನಾನು ವಿಷವನ್ನು ಪೂರ್ತಿ ಬಿಟ್ಟಿಲ್ಲ. ಹುಳ ಮಿತಿಮೀರಿದ ಬುಡಕ್ಕೆ ಮಾತ್ರ ಹೊಯ್ಯುತ್ತೇನೆ, ಆ ವರ್ಷ ಅಲ್ಲಿಗೆ ಮೆಟಾರೈಜಿಯಂ ಇಲ್ಲ. ಉಳಿದ ಕಡೆ ಮಣ್ಣು ಚೆನ್ನಾಗಿ ನೆನೆದ ಮೇಲೆ ಹಳೆಯ ಗೊಬ್ಬರದೊಂದಿಗೆ ಹಾಕಿ, ಬಿಸಿಲು ಬೀಳದಂತೆ ಸೋಗೆ ಮುಚ್ಚುತ್ತೇನೆ. ಶಿಲೀಂಧ್ರ ಕೊಲ್ಲುವ ಬೋರ್ಡೋ ದ್ರಾವಣ ಕಲಸಿದ ಬಕೆಟನ್ನು ಅದರ ಹತ್ತಿರಕ್ಕೂ ತರುವುದಿಲ್ಲ. ಬೇರುಹುಳಗಳೇ ಬೆಳೆದು ಮೊದಲ ಮಳೆಗೆ ಮುಸ್ಸಂಜೆಯಲ್ಲಿ ಮೇಲೆದ್ದು ಬರುವ ದುಂಬಿಗಳನ್ನು ಹೆಕ್ಕಲು ಮಕ್ಕಳಿಗೆ ಟಾರ್ಚ್ ಕೊಡುತ್ತೇನೆ, ಅವರಿಗೆ ಅದೇ ಹಬ್ಬ.

ಕಳೆದ ತುಲಾ ತಿಂಗಳಲ್ಲಿ ಒಂದು ಬುಡ ಬಿಡಿಸಿದಾಗ 11 ಹುಳ ಸಿಕ್ಕವು. ಎರಡು ಸೀಮೆಸುಣ್ಣದಂತೆ ಸೆಟೆದಿದ್ದವು, ಮಡಿಕೆಗಳಲ್ಲಿ ಮೆಟಾರೈಜಿಯಂನ ಪಾಚಿ ಬಣ್ಣದ ಹುಡಿ. ಮನೆಯಾಕೆಗೆ ತೋರಿಸಿದೆ. "ಅಷ್ಟು ಅನ್ನ ಹಾಳು ಮಾಡಿದ್ದಕ್ಕೆ ಎರಡೇ?" ಎಂದಳು. ಅವೆರಡನ್ನು ಅದೇ ಬುಡದಲ್ಲಿ ಹುಗಿದೆ, ಉಳಿದ ಒಂಬತ್ತನ್ನು ಕೋಳಿಗೆ ಹಾಕಿದೆ.